ಸ್ಲೀವ್ ಆದ ಮೇಲೆ ಓಡಲು ಶುರು ಮಾಡಿದವರು ಯಾರಾದರೂ ಇದ್ದೀರಾ?

ಹಾಸನದ ಗಣಿತ ಮೇಡಂ

ಎಲ್ಲರಿಗೂ ನಮಸ್ಕಾರ. ನನಗೆ ನಲವತ್ತೆರಡು ವರ್ಷ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಳೆದ ದಸರಾ ರಜೆಯಲ್ಲಿ ಬೆಂಗಳೂರಿನಲ್ಲಿ ಸ್ಲೀವ್, ಅಂದರೆ ತೂಕ ಇಳಿಸಲು ಜಠರವನ್ನು ಕಿರಿದು ಮಾಡುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಆಗ 112 ಕೆ.ಜಿ. ಇದ್ದೆ, ಈಗ 84. ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿದೆ, ರಕ್ತದೊತ್ತಡದ ಮಾತ್ರೆ ಅರ್ಧಕ್ಕೆ ಇಳಿದಿದೆ. ಒಂದು ಗಂಟೆ ನಡೆದರೂ ದಣಿವಾಗುವುದಿಲ್ಲ. ಹೋದ ವಾರ ತಪಾಸಣೆಗೆ ಹೋದಾಗ "ಇನ್ನು ಓಡಬಹುದಾ ಡಾಕ್ಟರೇ?" ಎಂದು ಕೇಳಿದೆ. "ಧಾರಾಳವಾಗಿ ಓಡಿ" ಎಂದರು. ಹೇಗೆ ಎಂದು ಕೇಳುವಷ್ಟರಲ್ಲಿ ಮುಂದಿನವರ ಹೆಸರು ಕೂಗಿಯಾಗಿತ್ತು.

ಶಾಲೆಯ ಕ್ರೀಡಾಕೂಟದಲ್ಲಿ ಮೊದಲಿನಿಂದಲೂ ನನ್ನದು ಶಾಮಿಯಾನದ ಕೆಳಗೆ ಕುಳಿತು ಫಲಿತಾಂಶ ಬರೆಯುವ ಕೆಲಸ. ನಿನ್ನೆ ಜಿಲ್ಲಾ ಕ್ರೀಡಾಂಗಣದಲ್ಲಿ ಯಾರೂ ಇಲ್ಲದ ಮೂಲೆ ನೋಡಿಕೊಂಡು ಓಡಿದೆ. ಒಂದು ನಿಮಿಷವೂ ಆಗಿರಲಿಲ್ಲ, ಎದೆ ಒಡೆದುಹೋಗುವಂತಾಯಿತು. ನಿಂತು ನೀರು ಕುಡಿಯೋಣವೆಂದರೆ ಗಟಗಟ ಕುಡಿಯುವ ಹಾಗಿಲ್ಲ; ಎರಡು ಗುಟುಕಿಗೇ ಎದೆಯಲ್ಲಿ ಕಟ್ಟಿಕೊಳ್ಳುತ್ತದೆ. ಹೊಟ್ಟೆಯ ಕೆಳಗಿನ ಸಡಿಲ ಚರ್ಮ ಹೆಜ್ಜೆಹೆಜ್ಜೆಗೂ ಉಜ್ಜಿ ಕೆಂಪಾಗಿದೆ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಓಡಬೇಕೋ, ತಿಂದು ಓಡಬೇಕೋ? ನೀರಿಗೆ ಏನು ಮಾಡುತ್ತೀರಿ? ಈ ತೂಕಕ್ಕೆ ಓಡುವುದು ಸರಿಯೇ, ಇನ್ನೂ ಇಳಿಯುವವರೆಗೆ ಕಾಯಬೇಕೇ? ಇನ್ನೊಂದು ಮಾತು: ಒಂದು ತಿಂಗಳಿಂದ ತಕ್ಕಡಿಯ ಮುಳ್ಳು ಅಲುಗಾಡುತ್ತಿಲ್ಲ. ಓಡಿದರೆ ಮತ್ತೆ ಇಳಿಯಬಹುದು ಎಂಬ ಆಸೆಯೂ ಇದೆ.

ಕುಕ್ಕರಹಳ್ಳಿ ಏರಿ

ಮೇಡಂ, ನನ್ನದು ಗ್ಯಾಸ್ಟ್ರಿಕ್ ಬೈಪಾಸ್. ಹೃದಯದ್ದಲ್ಲ, ಜಠರದ್ದು, ಅದರಲ್ಲಿ ಪುಟ್ಟ ಚೀಲವನ್ನಷ್ಟೇ ಉಳಿಸಿ ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ; ನೆಂಟರಿಗೆ ವಿವರಿಸಿ ವಿವರಿಸಿ ಅಭ್ಯಾಸವಾಗಿದೆ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡುತ್ತೇನೆ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟದಲ್ಲೂ ಪಾಲ್ಗೊಂಡಿದ್ದೇನೆ, ಕಟ್ಟಕಡೆಯವರ ಗುಂಪಿನಲ್ಲಿ.

ಒಂದು ನಿಮಿಷಕ್ಕೆ ಎದೆ ಒಡೆಯುವಂತಾಯಿತು ಎಂದಿರಲ್ಲ, ತಪ್ಪು ನಿಮ್ಮ ಹೊಟ್ಟೆಯದೂ ಅಲ್ಲ, ತೂಕದ್ದೂ ಅಲ್ಲ, ವೇಗದ್ದು. ಹೊಸಬರೆಲ್ಲ ಓಟ ಎಂದರೆ ಹೊರಟುನಿಂತ ಬಸ್ಸು ಹಿಡಿಯುವ ಓಟ ಎಂದುಕೊಳ್ಳುತ್ತಾರೆ. ಪಕ್ಕದಲ್ಲಿ ನಡೆಯುವವರು ನಿಮ್ಮನ್ನು ದಾಟಿ ಹೋದರೂ ಚಿಂತೆಯಿಲ್ಲ, ಅಷ್ಟು ನಿಧಾನವಾಗಿ ಓಡಿ. ಓಡುತ್ತಲೇ ಮಾತನಾಡಲು ಆಗಬೇಕು. ನೀವು ಹದಿನೇಳರ ಮಗ್ಗಿ ಹೇಳಿಕೊಳ್ಳಿ. ಹದಿನೇಳೈದಲ ಎಂಬತ್ತೈದಕ್ಕೆ ಬರುವಷ್ಟರಲ್ಲಿ ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತೆಂದು ಲೆಕ್ಕ.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯವರು 'ಕೌಚ್ ಟು 5ಕೆ' ಎಂಬ ಒಂಬತ್ತು ವಾರಗಳ ಕ್ರಮವನ್ನು ಉಚಿತವಾಗಿ ಕೊಡುತ್ತಾರೆ. ವಾರಕ್ಕೆ ಮೂರೇ ದಿನ. ಮೊದಲ ವಾರದಲ್ಲಿ ಐದು ನಿಮಿಷ ಬಿರುಸು ನಡಿಗೆ, ಆಮೇಲೆ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಹೀಗೆ ಇಪ್ಪತ್ತು ನಿಮಿಷ. ನಮ್ಮಂಥವರು ಒಂಬತ್ತು ವಾರವನ್ನು ಹದಿನೆಂಟು ಮಾಡಿಕೊಂಡರೆ ಯಾರೂ ದಂಡ ಹಾಕುವುದಿಲ್ಲ. ಕಷ್ಟವಾದ ವಾರವನ್ನು ಮತ್ತೊಮ್ಮೆ ಮಾಡಿ, ಅಷ್ಟೇ.

ಇನ್ನು ನೀರು. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ತೆಗೆದಿರುತ್ತಾರೆ. ಉಳಿದಿರುವುದು ಬಾಳೆಹಣ್ಣಿನ ಗಾತ್ರದ ಕೊಳವೆ. ಅದಕ್ಕೆ ಒಂದೇ ಸಲ ಅರ್ಧ ಬಾಟಲಿ ಸುರಿದರೆ ಅದಾದರೂ ಏನು ಮಾಡೀತು? ಓಡುವಾಗಿನ ದಾಹವನ್ನು ಓಡುವಾಗ ತೀರಿಸಲು ಆಗುವುದಿಲ್ಲ, ಹಿಂದಿನ ದಿನವೇ ತೀರಿಸಿರಬೇಕು. ನೀವು ಪಾಠ ಮಾಡುವವರು. ಬೆಲ್ಲಿನಿಂದ ಬೆಲ್ಲಿಗೆ ನೀರು ಮರೆಯುತ್ತೀರಿ. ಮೇಜಿನ ಮೇಲೆ ಬಾಟಲಿ ಇಟ್ಟುಕೊಂಡು ಬೋರ್ಡಿಗೆ ತಿರುಗಿದಾಗಲೆಲ್ಲ ಒಂದು ಗುಟುಕು ಕುಡಿಯಿರಿ. ದಿನಕ್ಕೆ ಒಂದೂವರೆ ಲೀಟರಾದರೂ ಒಳಗೆ ಹೋಗಬೇಕು. ಓಡುವಾಗ ಸಣ್ಣ ಬಾಟಲಿ ಕೈಯಲ್ಲಿರಲಿ, ಪ್ರತಿ ನಡಿಗೆಯ ಸರದಿಯಲ್ಲೂ ಬಾಯಿ ಒದ್ದೆಯಾಗುವಷ್ಟು.

ಅರವತ್ತರ ಹುಡುಗ

ತಾಯಿ, ಬೇಸರ ಮಾಡಿಕೊಳ್ಳಬೇಡಿ, ನಡಿಗೆಯೇ ಸಾಕಲ್ಲವೇ? ನಾನು ನಿವೃತ್ತನಾದ ಮೇಲೆ ಲಾಲ್‌ಬಾಗಿನ ಬಂಡೆಯ ಸುತ್ತಮುತ್ತ ದಿನಾ ನಡೆಯುತ್ತೇನೆ. ಓಡುತ್ತಿದ್ದ ಗೆಳೆಯರೆಲ್ಲ ಈಗ ಮೊಣಕಾಲು ಹಿಡಿದುಕೊಂಡು ಕುಳಿತಿದ್ದಾರೆ. 84 ಕೆ.ಜಿ. ಎಂದರೆ ಕಡಿಮೆಯೇನಲ್ಲ. ದುಡ್ಡು ಕೊಟ್ಟು ಹೊಟ್ಟೆ ಸರಿಮಾಡಿಸಿಕೊಂಡಿರಿ, ಇನ್ನು ಮೊಣಕಾಲಿಗೂ ದುಡ್ಡು ಕೊಡಬೇಡಿ.

ಪಾದ ಮೊಣಕಾಲು ಸೊಂಟ

ಹಿರಿಯರ ಕಾಳಜಿ ಸರಿ, ಕಾರಣ ಸರಿಯಲ್ಲ. ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ, ಅದಕ್ಕೇ ಮಧ್ಯೆ ಬಾಯಿ ಹಾಕುತ್ತಿದ್ದೇನೆ.

ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಪಾದಕ್ಕೆ ಬೀಳುತ್ತದೆ, ನಿಜ. ಆದರೆ ಒಂದು ಕೆ.ಜಿ. ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕೆ.ಜಿ. ತಗ್ಗುತ್ತದೆ ಎಂಬುದೂ ಅಳೆದು ನೋಡಿದ ಸಂಗತಿ. ಮೇಡಂ 28 ಕೆ.ಜಿ. ಇಳಿದಿದ್ದಾರೆ. ಅವರ ಮೊಣಕಾಲಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ? ಈಗಾಗಲೇ ಸವೆದ ಮೊಣಕಾಲಾದರೆ ಮಾತು ಬೇರೆ. ನೋವಿಲ್ಲದಿದ್ದರೆ 84 ಕೆ.ಜಿ.ಗೆ ನಿಧಾನವಾದ ಓಟ, ನಡುನಡುವೆ ನಡಿಗೆ, ಯಾವ ತೊಂದರೆಯೂ ಇಲ್ಲ.

ನನ್ನ ಭಯ ಮೊಣಕಾಲಿನದಲ್ಲ, ಮೂಳೆಯದು ಮತ್ತು ಸ್ನಾಯುವಿನದು. ಬೇಗ ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಮೂಳೆಯ ಸಾಂದ್ರತೆಯೂ ಇಳಿಯುತ್ತದೆ. ಇತ್ತ ಎದೆ ಮತ್ತು ಶ್ವಾಸಕೋಶ ಕೆಲವೇ ವಾರಗಳಲ್ಲಿ ಹುರುಪು ಪಡೆಯುತ್ತವೆ. "ಇನ್ನೂ ಓಡಬಲ್ಲೆ" ಎಂದು ಉಸಿರು ಹೇಳುತ್ತದೆ, ಕಣಕಾಲಿನ ಮೂಳೆ ಇನ್ನೂ ಸಿದ್ಧವಾಗಿರುವುದಿಲ್ಲ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಶುರು ಮಾಡಿದ ದಿನ ಬಿದ್ದವರಲ್ಲ. ಚೆನ್ನಾಗಿ ಓಡುತ್ತಿದ್ದೇನೆ ಎಂಬ ಉತ್ಸಾಹದಲ್ಲಿ ದಿನಾ ಓಡಲು ಹೊರಟವರು. ಮೂಳೆಯ ಒಂದೇ ಜಾಗದಲ್ಲಿ ಬೆರಳಿಟ್ಟು ಒತ್ತಿದರೆ ಚುಚ್ಚುವ ನೋವು ಬಂದರೆ ಓಟ ನಿಲ್ಲಿಸಿ ತೋರಿಸಿ. ಅದು ಕೂದಲೆಳೆಯಂಥ ಬಿರುಕಿರಬಹುದು.

ಓಡದ ದಿನಗಳಲ್ಲಿ ಎರಡು ದಿನ ಬಲದ ವ್ಯಾಯಾಮ ಮಾಡಿ. ಮನೆಯಲ್ಲೇ ಆಗುತ್ತದೆ. ಕುರ್ಚಿಯಿಂದ ಕೈ ಊರದೆ ಎದ್ದು ನಿಧಾನವಾಗಿ ಕುಳಿತುಕೊಳ್ಳುವುದು. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಮೊದಲು ಎರಡೂ ಕಾಲಲ್ಲಿ, ಮುಂದೆ ಒಂದೊಂದೇ ಕಾಲಲ್ಲಿ. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು. ಶಸ್ತ್ರಚಿಕಿತ್ಸೆಯ ಗಾಯದ ಜಾಗದಲ್ಲಿ ಉಬ್ಬು ಕಂಡರೆ, ಕೆಮ್ಮಿದಾಗ ಅದು ದೊಡ್ಡದಾದರೆ ಹರ್ನಿಯಾ ಇರಬಹುದು. ಆಗ ಇದ್ಯಾವುದೂ ಬೇಡ, ಮೊದಲು ಡಾಕ್ಟರಿಗೆ ತೋರಿಸಿ.

ವೇಗದೂತ

ಅಕ್ಕಾ, ನನಗೆ ಶಸ್ತ್ರಚಿಕಿತ್ಸೆ ಆಗಿಲ್ಲ, ಆದರೆ ಅರ್ಧ ಮ್ಯಾರಥಾನ್ ಓಡುತ್ತೇನೆ. ಖಾಲಿ ಹೊಟ್ಟೆಯಲ್ಲೇ ಓಡಿ, ಕೊಬ್ಬು ಕರಗುವುದು ಆಗಲೇ. ನಿಂತ ತಕ್ಕಡಿ ತಾನೇ ಅಲುಗಾಡುತ್ತದೆ. ಸುಸ್ತಾದರೆ ಒಂದು ಎನರ್ಜಿ ಜೆಲ್ ಬಾಯಿಗೆ ಹಿಂಡಿಕೊಳ್ಳಿ. ಕಾಲು ನೋವಿಗೆ ಓಡುವ ಮೊದಲೇ ಒಂದು ನೋವಿನ ಮಾತ್ರೆ. ನಾವೆಲ್ಲ ಮಾಡುವುದು ಇದನ್ನೇ.

ತಟ್ಟೆ ಲೋಟ

ಅಯ್ಯೋ, ದಯವಿಟ್ಟು ಬೇಡ. ತಮ್ಮಾ, ನೀವು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ, ಆದರೆ ಆ ಮೂರು ಸಲಹೆಗಳಲ್ಲಿ ಒಂದೂ ಇವರಿಗೆ ಹೊಂದುವುದಿಲ್ಲ. ನಾನು ಆಹಾರ ತಜ್ಞೆ, ಈ ಶಸ್ತ್ರಚಿಕಿತ್ಸೆ ಆದವರ ಊಟದ ಪಟ್ಟಿ ಬರೆಯುವುದೇ ನನ್ನ ಕೆಲಸ.

ಜೆಲ್ ಎಂದರೆ ಗಟ್ಟಿ ಸಕ್ಕರೆ ಪಾಕ. ಬೈಪಾಸ್ ಆದವರಲ್ಲಿ ಅದು ನೇರವಾಗಿ ಸಣ್ಣ ಕರುಳಿಗೆ ಇಳಿದುಬಿಡುತ್ತದೆ. ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಹೊಟ್ಟೆ ಹಿಂಡುವುದು, ಬೆವರು, ಎದೆ ಹೊಡೆದುಕೊಳ್ಳುವುದು, ಭೇದಿ ಎಲ್ಲ ಆಗುತ್ತವೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಇನ್ನೊಂದು ಬಗೆ ಒಂದರಿಂದ ಮೂರು ಗಂಟೆಯ ನಂತರ ಬರುತ್ತದೆ. ಸಕ್ಕರೆ ಒಮ್ಮೆಲೇ ಏರಿದ್ದಕ್ಕೆ ಇನ್ಸುಲಿನ್ ವಿಪರೀತ ಸುರಿದು, ರಕ್ತದ ಸಕ್ಕರೆ ತೀರಾ ಕೆಳಗೆ ಬೀಳುತ್ತದೆ. ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ. ಸ್ಲೀವ್ ಆದವರಲ್ಲಿ ಇದು ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಇಪ್ಪತ್ತು, ಮೂವತ್ತು ನಿಮಿಷದ ಓಟಕ್ಕೆ ಜೆಲ್ ಯಾರಿಗೂ ಬೇಕಾಗಿಲ್ಲ, ನಿಮಗೂ ಸಹ.

ನೋವಿನ ಮಾತ್ರೆಯದು ಇನ್ನೂ ಗಂಭೀರ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯವು ಬೈಪಾಸ್ ಆದವರಲ್ಲಿ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡಬಲ್ಲವು. ಸ್ಲೀವ್ ಆದವರೂ ತಮ್ಮ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಕೊಡುತ್ತಾರೆ. ನೋವನ್ನು ಮಾತ್ರೆಯಿಂದ ಮುಚ್ಚಿ ಓಡುವುದು, ಆ ಫಿಸಿಯೋ ಹೇಳಿದ ಬಿರುಕಿಗೆ ದಾರಿ.

ಈಗ ಮೇಡಂ ಅವರ ತಕ್ಕಡಿ. ಏಳೆಂಟು ತಿಂಗಳಿಗೆ ಇಳಿಕೆ ಕೆಲವು ವಾರ ನಿಂತು ಮತ್ತೆ ಸಾಗುವುದು ಎಲ್ಲರಿಗೂ ಆಗುತ್ತದೆ. ಹೆಚ್ಚಿನವರ ತೂಕ ತಳ ಮುಟ್ಟುವುದು ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ. ಅದಕ್ಕೆ ಓಟವನ್ನು ತಕ್ಕಡಿಯ ಲೆಕ್ಕಕ್ಕೆ ಸೇರಿಸಲೇಬೇಡಿ. ಓಡಲು ಶುರು ಮಾಡಿದವರು ಎರಡು ತಪ್ಪು ದಾರಿ ಹಿಡಿಯುವುದನ್ನು ಕಾಣುತ್ತೇನೆ: ಓಡಿದೆನಲ್ಲ ಎಂದು ಸಿಹಿ ತಿನ್ನುವವರು, ಓಡಿದ್ದು ವ್ಯರ್ಥವಾಗಬಾರದೆಂದು ಊಟ ಬಿಡುವವರು. ಎರಡನೆಯವರು ಬೇಗ ಹಾಸಿಗೆ ಹಿಡಿಯುತ್ತಾರೆ. ಮೊದಲು ತಟ್ಟೆ, ಆಮೇಲೆ ಓಟ.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಹೋಗುತ್ತಿದೆಯೇ, ಬರೆದು ನೋಡಿ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ ಮಾತ್ರ. ಪನೀರು, ಗಟ್ಟಿ ಮೊಸರು, ಹೆಸರುಕಾಳಿನ ಉಸಳಿ, ಸೋಯಾ, ಮೀನು ಇವನ್ನು ಮೊದಲು ತಿಂದು, ಅನ್ನ ಚಪಾತಿಯನ್ನು ಜಾಗ ಉಳಿದರೆ ತಿನ್ನಿ. ಮುದ್ದೆಯ ಬಗ್ಗೆ ಹಾಸನದವರಿಗೆ ವಿಶೇಷವಾಗಿ ಹೇಳಬೇಕು. ಮುದ್ದೆಯನ್ನು ನುಂಗಿ ಬೆಳೆದ ಗಂಟಲು ನಿಮ್ಮದು. ಈ ಹೊಟ್ಟೆಗೆ ನುಂಗಿದ್ದು ಆಗುವುದಿಲ್ಲ, ಅಗಿದದ್ದೇ ಆಗಬೇಕು. ಗೋಲಿಯಷ್ಟು ಮುದ್ದೆ ಸಾರಿನಲ್ಲಿ ಜಾರಿ ಹೋಗಿ ಅಲ್ಲೇ ಕುಳಿತರೆ ಅರ್ಧ ದಿನ ನರಳಬೇಕಾಗುತ್ತದೆ. ರಾಗಿಯೇ ಬೇಕೆಂದರೆ ತೆಳ್ಳಗಿನ ಅಂಬಲಿಗೆ ಮಜ್ಜಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಯಿರಿ.

ಖಾಲಿ ಹೊಟ್ಟೆಯಲ್ಲಿ ಓಡಬೇಡಿ. ಅರ್ಧ ಗಂಟೆ ಮೊದಲು ಅರ್ಧ ಬಾಳೆಹಣ್ಣು, ಇಲ್ಲವೇ ಎರಡು ಚಮಚ ಹುರಿಗಡಲೆ ಚೆನ್ನಾಗಿ ಅಗಿದು ತಿನ್ನಿ.

ಕುಕ್ಕರಹಳ್ಳಿ ಏರಿ

ತಟ್ಟೆ ಲೋಟ ಮೇಡಂ, ಉಳಿದದ್ದಕ್ಕೆಲ್ಲ ಕೈ ಮುಗಿಯುತ್ತೇನೆ, ಕೊನೆಯ ಮಾತಿಗೆ ತಕರಾರು. ಬೆಳಗಿನ ಐದೂವರೆಗೆ ಹುರಿಗಡಲೆ ಅಗಿದು ಓಡಿದರೆ ನನಗಂತೂ ಮೊದಲ ಸುತ್ತಿನಲ್ಲೇ ಎಲ್ಲ ಗಂಟಲಿಗೆ ಬರುತ್ತದೆ. ಸಣ್ಣ ಚೀಲವನ್ನು ಕುಲುಕಿದರೆ ಮೇಲಕ್ಕಲ್ಲದೆ ಎಲ್ಲಿಗೆ ಹೋಗಬೇಕು? ನಾನು ಎದ್ದ ಮೇಲೆ ಉಪ್ಪು ಹಾಕಿದ ನೀರುಮಜ್ಜಿಗೆಯನ್ನು ಅರ್ಧ ಲೋಟ, ನಿಧಾನವಾಗಿ ಕುಡಿದು ಓಡುತ್ತೇನೆ. ಮನೆಗೆ ಬಂದ ಕೂಡಲೇ ಮೊಟ್ಟೆ. ಇಷ್ಟು ವರ್ಷದಲ್ಲಿ ತಲೆ ಸುತ್ತಿದ್ದಿಲ್ಲ.

ತಟ್ಟೆ ಲೋಟ

ನಿಮಗೆ ಒಗ್ಗಿದೆ, ಸಂತೋಷ. ಆದರೆ ನಿಮಗೆ ಶಸ್ತ್ರಚಿಕಿತ್ಸೆಯಾಗಿ ವರ್ಷಗಳಾಗಿವೆ, ಇವರಿಗಿನ್ನೂ ಒಂದೂ ತುಂಬಿಲ್ಲ. ರಕ್ತದೊತ್ತಡದ ಮಾತ್ರೆಯೂ ನಡೆಯುತ್ತಿದೆ. ತೂಕ ಇಳಿದಂತೆ ಆ ಮಾತ್ರೆಯ ಈಗಿನ ಪ್ರಮಾಣವೇ ದೇಹಕ್ಕೆ ಹೆಚ್ಚಾಗಿ, ಎದ್ದು ನಿಂತಾಗ ಒತ್ತಡ ಕುಸಿದು ಕಣ್ಣು ಕತ್ತಲಿಡಬಹುದು. ಅದರ ಜೊತೆಗೆ ಖಾಲಿ ಹೊಟ್ಟೆ, ಕಡಿಮೆ ನೀರು, ಬೆವರು ಸೇರಿದರೆ ಏನಾಗಬಹುದು ಯೋಚಿಸಿ. ಹುರಿಗಡಲೆ ಕುಲುಕಿದರೆ ಸಂಜೆ ಓಡಲಿ. ಶಾಲೆಯಿಂದ ಬಂದು ಸ್ವಲ್ಪ ತಿಂದು ಒಂದೂವರೆ ಗಂಟೆ ಬಿಟ್ಟು ಓಡಿದರೆ ಈ ಜಗಳವೇ ಇಲ್ಲ.

ಕುಕ್ಕರಹಳ್ಳಿ ಏರಿ

ಸಂಜೆ ಎಂದರೆ ಶಾಲೆಯ ಮಕ್ಕಳೆಲ್ಲ ಅದೇ ಕ್ರೀಡಾಂಗಣದಲ್ಲಿರುತ್ತಾರೆ. ಗಣಿತ ಮೇಡಂ ಒಪ್ಪುತ್ತಾರೋ ನೋಡೋಣ. ಮಜ್ಜಿಗೆಯ ಪಕ್ಷ ಬಿಡುವುದಿಲ್ಲ ನಾನು.

ಸಾಧನಕೇರಿ ಸಂಜೆ

ಧಾರವಾಡದಿಂದ ಬರೆಯುತ್ತಿದ್ದೇನೆ. ನನಗೂ ಸ್ಲೀವ್ ಆಗಿದೆ. ಚರ್ಮದ ಮಾತನ್ನು ಯಾರೂ ಎತ್ತಲಿಲ್ಲ, ಗಂಡಸರೇ ಹೆಚ್ಚಿದ್ದೀರಿ ಎಂದು ಕಾಣುತ್ತದೆ.

ಅಕ್ಕಾ, ಹೊಕ್ಕುಳಿನ ಮೇಲೆ ಬರುವಷ್ಟು ಎತ್ತರದ, ಬಿಗಿಯಾದ ಲೆಗ್ಗಿಂಗ್ಸ್ ತೆಗೆದುಕೊಳ್ಳಿ. ಹತ್ತಿಯದು ಬೇಡ, ಬೆವರು ಹೀರಿಕೊಂಡು ಮರಳುಕಾಗದದಂತೆ ಉಜ್ಜುತ್ತದೆ. ಆಟದ ಉಡುಪಿಗೆ ಬಳಸುವ ಪಾಲಿಯೆಸ್ಟರ್ ಇರಲಿ. ಸಡಿಲ ಚರ್ಮವನ್ನು ಕೈಯಿಂದ ಎತ್ತಿ ಪಟ್ಟಿಯ ಒಳಗೆ ಸೇರಿಸಿ ಮೇಲಕ್ಕೆಳೆದುಕೊಂಡರೆ ಎಗರುವುದಿಲ್ಲ. ಮಡಿಕೆಯ ಒಳಗೆ, ತೊಡೆಯ ಸಂದಿಗೆ, ಒಳಉಡುಪಿನ ಅಂಚು ಕೂರುವ ಕಡೆ ವ್ಯಾಸಲೀನ್ ಹಚ್ಚಿ. ಓಡಿ ಬಂದ ಕೂಡಲೇ ಸ್ನಾನ ಮಾಡಿ ಮಡಿಕೆಯನ್ನು ಪೂರ್ತಿ ಒರೆಸಿ ಒಣಗಿಸಿ. ಒದ್ದೆ ಉಳಿದರೆ ಗಜಕರ್ಣವಾಗುತ್ತದೆ. ಮೇಲೆ ಮೊಣಕಾಲುದ್ದದ ಕುರ್ತಾ ಹಾಕಿಕೊಂಡು ಓಡುತ್ತೇನೆ, ಯಾರಿಗೂ ಏನೂ ಕಾಣುವುದಿಲ್ಲ. ಒಳ್ಳೆಯ ಸ್ಪೋರ್ಟ್ಸ್ ಬ್ರಾಗೆ ಮಾತ್ರ ಜಿಪುಣತನ ಮಾಡಬೇಡಿ.

ಜನ ನೋಡುತ್ತಾರೆ ಎಂಬುದಕ್ಕೆ ಔಷಧಿಯಿಲ್ಲ. ದಪ್ಪಗಿದ್ದಾಗಲೂ ನೋಡಿದರು. ತೆಳ್ಳಗಾದಾಗ ಬೀಗರೂಟದ ಪಂಕ್ತಿಯಲ್ಲಿ "ಏನಮ್ಮಾ, ಸಕ್ಕರೆ ಕಾಯಿಲೆಯೇ?" ಎಂದು ಕೇಳಿದರು. ಶಸ್ತ್ರಚಿಕಿತ್ಸೆ ಎಂದು ಹೇಳಿದರೆ "ಹಾಗಾದರೆ ಸುಲಭದ ದಾರಿ" ಎಂದರು. ಅವರನ್ನು ಒಂದು ವಾರ ಬರೀ ಗಂಜಿ ತಿಳಿಯಲ್ಲಿ ಇಟ್ಟು ನೋಡಬೇಕು.

ನಾಯಿಗಳು ಬೆನ್ನಟ್ಟಿದರೆ ಓಡಬೇಡಿ. ನಿಂತು, ಅವುಗಳ ಕಣ್ಣು ತಪ್ಪಿಸಿ, ನಿಧಾನವಾಗಿ ನಡೆದು ದಾಟಿ.

ಲೀಡ್ಸ್ ಕನ್ನಡಿಗ

ಇಂಗ್ಲೆಂಡಿನಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಊರೂರಿನ ಉದ್ಯಾನಗಳಲ್ಲಿ ಪಾರ್ಕ್‌ರನ್ ಎಂಬ ಐದು ಕಿಲೋಮೀಟರ್ ಓಟ ನಡೆಯುತ್ತದೆ. ಹಣವಿಲ್ಲ. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ ಹದಿಮೂರು ಜನರಿಂದ ಶುರುವಾದದ್ದು. ಅಲ್ಲಿ ಸ್ವಯಂಸೇವಕರೊಬ್ಬರಿಗೆ ಎಲ್ಲರಿಗಿಂತ ಹಿಂದೆ ನಡೆಯುವುದೇ ಕೆಲಸ, ಆದ್ದರಿಂದ ಬೇರೆ ಯಾರೂ ಕೊನೆಯವರಾಗುವಂತಿಲ್ಲ. ಬೈಪಾಸ್ ಆದ ನನ್ನ ಹೆಂಡತಿ ಮೊದಲ ಸಲ ಪೂರ್ತಿ ನಡೆದೇ ಮುಗಿಸಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಸನದಲ್ಲಿ ಇಬ್ಬರು ಮೂವರು ಹೆಂಗಸರನ್ನು ಸೇರಿಸಿಕೊಂಡು ಭಾನುವಾರ ಹೀಗೆ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಹಾಸನದ ಗಣಿತ ಮೇಡಂ

ಎಲ್ಲರಿಗೂ ಧನ್ಯವಾದ. ತಡವಾಗಿ ಉತ್ತರಿಸುತ್ತಿದ್ದೇನೆ, ಎಸ್ಸೆಸ್ಸೆಲ್ಸಿ ಮಕ್ಕಳ ವಿಶೇಷ ತರಗತಿಗಳಿದ್ದವು. ಈಗ ಮೂರನೇ ವಾರದ ಪಟ್ಟಿಯಲ್ಲಿದ್ದೇನೆ, ಅದನ್ನೇ ಮತ್ತೆ ಮಾಡುತ್ತಿದ್ದೇನೆ. ಮೂರು ನಿಮಿಷ ಒಂದೇ ಸಮನೆ ಓಡಿದೆ, ಹದಿನೇಳರ ಮಗ್ಗಿ ಪೂರ್ತಿಯಾಗಿ ಹತ್ತೊಂಬತ್ತರದೂ ಅರ್ಧವಾಯಿತು. ಬೆಳಿಗ್ಗೆಯೇ ಓಡುತ್ತೇನೆ. ಮಜ್ಜಿಗೆಯೂ ಅಲ್ಲದೆ ಹುರಿಗಡಲೆಯೂ ಅಲ್ಲದೆ, ಅರ್ಧ ಪುಟ್ಟಬಾಳೆ ಹಣ್ಣು ನನಗೆ ಹಿಡಿಸಿತು. ಇಬ್ಬರಿಗೂ ಅರ್ಧರ್ಧ ಅಂಕ.

ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 10.4, ದೇಹದಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ತುಂಬಾ ಕಡಿಮೆ. ಉಸಿರು ಕಟ್ಟುತ್ತಿದ್ದುದಕ್ಕೆ ಇದೂ ಕಾರಣವಿರಬಹುದು ಎಂದು ಡಾಕ್ಟರು ಕಬ್ಬಿಣದ ಮಾತ್ರೆ ಬರೆದಿದ್ದಾರೆ. ಎರಡು ಪ್ರಶ್ನೆ ಉಳಿದಿವೆ. ಓಡುವಾಗ ಕೆಲವೊಮ್ಮೆ ಬಲ ಪಕ್ಕೆಯ ಕೆಳಗೆ ಚುಚ್ಚುತ್ತದೆ, ನಿಂತರೆ ಹೋಗುತ್ತದೆ. ಇದು ಏನು? ಇನ್ನೊಂದು, ಕಬ್ಬಿಣ, ಕ್ಯಾಲ್ಸಿಯಂ, ಮಲ್ಟಿವಿಟಮಿನ್, ರಕ್ತದೊತ್ತಡದ್ದು ಎಲ್ಲ ಸೇರಿ ಮಾತ್ರೆಗಳ ಪೆಟ್ಟಿಗೆ ತುಂಬಿದೆ. ಎಲ್ಲವನ್ನೂ ಬೆಳಿಗ್ಗೆ ಕಾಫಿಯ ಜೊತೆ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದೇನೆ, ಸರಿಯೇ?

ಪಾದ ಮೊಣಕಾಲು ಸೊಂಟ

ನಿಂತ ಕೆಲವು ನಿಮಿಷಗಳಲ್ಲಿ ಹೋದರೆ ಅದು ಓಟಗಾರರಿಗೆಲ್ಲ ಬರುವ ಪಕ್ಕೆ ಹಿಡಿತ. ವೇಗ ಇಳಿಸಿ, ಉಸಿರನ್ನು ನಿಧಾನವಾಗಿ ಪೂರ್ತಿ ಹೊರಗೆ ಬಿಡಿ. ಆದರೆ ಒಂದು ವಿಷಯ ಗಮನದಲ್ಲಿರಲಿ: ತೂಕ ಬೇಗ ಇಳಿಯುವವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವುದು ಸಾಮಾನ್ಯ, ಅದರ ನೋವೂ ಬಲ ಪಕ್ಕೆಯ ಕೆಳಗೇ. ಓಡದೇ ಇದ್ದಾಗಲೂ, ಮುಖ್ಯವಾಗಿ ಜಿಡ್ಡಿನದು ತಿಂದ ಮೇಲೆ, ನೋವು ಬಂದು ಗಂಟೆಗಟ್ಟಲೆ ನಿಂತರೆ, ಬೆನ್ನಿಗೋ ಬಲ ಭುಜಕ್ಕೋ ಹರಿದರೆ, ವಾಂತಿ ಬಂದರೆ ಸ್ಕ್ಯಾನ್ ಮಾಡಿಸಿ. ಜ್ವರ ಬಂದರೆ, ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಅರವತ್ತರ ಹುಡುಗ

ಹತ್ತೊಂಬತ್ತರ ಮಗ್ಗಿ ನನಗೆ ನಿಂತಲ್ಲೇ ಬರುವುದಿಲ್ಲ. ಓಡುವುದರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ನಿಮ್ಮ ಬಗ್ಗೆ ಮಾತ್ರ ಬದಲಾಗಿದೆ ತಾಯಿ.

ತಟ್ಟೆ ಲೋಟ

ಮೇಡಂ, ಕಾಫಿಯ ಜೊತೆ ಕಬ್ಬಿಣ ತೆಗೆದುಕೊಂಡರೆ ಹೆಚ್ಚಿನ ಪಾಲು ದೇಹಕ್ಕೆ ಸೇರುವುದೇ ಇಲ್ಲ. ಕಾಫಿಗೂ ಕಬ್ಬಿಣಕ್ಕೂ ಒಂದೆರಡು ಗಂಟೆ ಅಂತರವಿರಲಿ. ಕ್ಯಾಲ್ಸಿಯಂ ಕೂಡ ಕಬ್ಬಿಣವನ್ನು ತಡೆಯುತ್ತದೆ, ಎರಡರ ನಡುವೆಯೂ ಕನಿಷ್ಠ ಎರಡು ಗಂಟೆ ಬಿಡಿ. ಕಬ್ಬಿಣವನ್ನು ಶಾಲೆಯ ಮಧ್ಯಾಹ್ನದ ಊಟದ ಹೊತ್ತಿಗೆ ನಿಂಬೆರಸದ ನೀರಿನ ಒಂದೆರಡು ಗುಟುಕಿನೊಂದಿಗೆ ಇಟ್ಟುಕೊಳ್ಳಿ. ಕ್ಯಾಲ್ಸಿಯಂ ಸಂಜೆಗೆ ಒಂದು, ರಾತ್ರಿಗೆ ಒಂದು, ಒಂದು ಸಲಕ್ಕೆ 500-600 ಮಿಲಿಗ್ರಾಂ ಮೀರದಂತೆ. ಮಾತ್ರೆಯ ಪಟ್ಟಿಯ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದಿದ್ದರೆ ಸಿಟ್ರೇಟ್ ಆಗಬಹುದೇ ಎಂದು ಡಾಕ್ಟರನ್ನು ಕೇಳಿ, ಆಮ್ಲ ಕಡಿಮೆಯಿರುವ ಹೊಟ್ಟೆಗೆ ಅದೇ ಚೆನ್ನಾಗಿ ಒಗ್ಗುತ್ತದೆ. ಬಿ12 ಮತ್ತು ವಿಟಮಿನ್ ಡಿ ಪರೀಕ್ಷೆಯ ಫಲಿತಾಂಶ ನೀವು ಬರೆದಿಲ್ಲ. ಮಾಡಿಸಿಲ್ಲವಾದರೆ ಮುಂದಿನ ಸಲ ರಕ್ತ ಕೊಡುವಾಗ ಅವನ್ನೂ ಬರೆಸಿಕೊಳ್ಳಿ. ಫೆರಿಟಿನ್ ಮೇಲೆ ಬರುವವರೆಗೆ ನಾಲ್ಕನೇ ವಾರಕ್ಕೆ ಹೋಗುವ ಅವಸರ ಬೇಡ.